ಮುದ್ದೇನಹಳ್ಳಿಯ ಎಂವಿ: ಜಿಲ್ಲೆಗೊಂದು ಪ್ಲಾನ್ ಬೇಕು ಅಂತ ಬರೆದವರ ಊರಲ್ಲೇ ಎರಡು ಹಳಿ ಇನ್ನೂ ಸೇರಿಲ್ಲ

ಅಲೀಪುರ: ಅಲೀಪುರಕ್ಕೆ ಹತ್ತಿರದ ರೈಲ್ವೆ ಸ್ಟೇಷನ್ ತೊಂಡೇಬಾವಿ. ಅಲ್ಲಿ ರೈಲು ಹತ್ತಿದ್ರೆ ಒಂದು ಕಡೆ ದೊಡ್ಡಬಳ್ಳಾಪುರ, ಯಲಹಂಕ, ಬೆಂಗಳೂರು. ಇನ್ನೊಂದು ಕಡೆ ಗೌರಿಬಿದನೂರು, ಹಿಂದೂಪುರ. ಆದ್ರೆ ಸ್ವಂತ ಜಿಲ್ಲಾ ಕೇಂದ್ರ ಚಿಕ್ಕಬಳ್ಳಾಪುರಕ್ಕೆ ಹೋಗೋಕೆ ಆ ಹಳಿ ಮೇಲೆ ನೇರ ದಾರಿ ಇಲ್ಲ. ರೈಲಲ್ಲೇ ಹೋಗ್ತೀನಿ ಅಂದ್ರೆ ಯಲಹಂಕದವರೆಗೆ ಇಳಿದು, ಅಲ್ಲಿ ಗಾಡಿ ಬದಲಾಯಿಸಿ, ದೇವನಹಳ್ಳಿ ಮೇಲೆ ಮತ್ತೆ ಉತ್ತರಕ್ಕೆ ಬರಬೇಕು. ಹಾಗೆ ಯಾರೂ ಹೋಗಲ್ಲ. ಡಿಸಿ ಆಫೀಸು, ಜಿಲ್ಲಾ ಪಂಚಾಯ್ತಿ, ಜಿಲ್ಲಾಸ್ಪತ್ರೆ ಕೆಲಸಕ್ಕೆ ಬಸ್ಸನ್ನೇ ನಂಬ್ಕೊಂಡಿರ್ತಾರೆ.

ಒಂದೇ ಜಿಲ್ಲೆಯಲ್ಲಿ ಎರಡು ರೈಲು ಮಾರ್ಗ ಇದ್ದೂ ಒಂದಕ್ಕೊಂದು ಸೇರದೆ ಇರೋದು ಹೊಸ ವಿಷಯ ಅಲ್ಲ. ನೂರು ವರ್ಷದ ಹಿಂದೆಯೇ ಹೀಗೆ ಆಗಿಹೋಗಿತ್ತು. ಆ ಎರಡನೇ ಮಾರ್ಗ ಬಂದ ಕಾಲದಲ್ಲಿ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಎಂವಿ ಅಂದ ತಕ್ಷಣ ಕನ್ನಂಬಾಡಿ ಕಟ್ಟೆ, ಪೇಟ, ಶಿಸ್ತು ನೆನಪಾಗುತ್ತೆ. ಮೇಣದ ಬತ್ತಿ ಕತೆ, ರೈಲಿನ ಕತೆ ಸ್ಕೂಲ್ ಭಾಷಣದಲ್ಲಿ ಎಲ್ರೂ ಕೇಳಿರ್ತಾರೆ. ಆದರೆ ಒಂದು ಜಿಲ್ಲೆ, ಒಂದು ತಾಲ್ಲೂಕು, ಒಂದು ಹಳ್ಳಿ ತನ್ನ ದುಡಿಮೆ ಹೆಚ್ಚಿಸ್ಕೊಳ್ಳೋಕೆ ಹೇಗೆ ಪ್ಲಾನ್ ಹಾಕಬೇಕು ಅನ್ನೋದರ ಮೇಲೆ ಅವರು ಜೀವನದ ಕೊನೇ ಅರ್ಧ ಖರ್ಚು ಮಾಡಿದ್ರು ಅನ್ನೋದು ಅಷ್ಟಾಗಿ ಯಾರೂ ಹೇಳಲ್ಲ. ಅವರ ಬದುಕನ್ನ ಆ ಕಡೆಯಿಂದ ನೋಡಿದ್ರೆ ಈ ಜಿಲ್ಲೆಯವರಿಗೆ ಕಲಿಯೋದು ಜಾಸ್ತಿ ಇದೆ.

ನಂದಿ ಬೆಟ್ಟದ ಬುಡದಿಂದ

ವಿಶ್ವೇಶ್ವರಯ್ಯನವರ ಪೂರ್ವಿಕರು ಈಗಿನ ಆಂಧ್ರದ ಮೋಕ್ಷಗುಂಡಂ ಊರಿನವರು. ಹೆಸರಿನ ಮುಂದಿನ ಎಂ ಬಂದಿದ್ದು ಅಲ್ಲಿಂದ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಟ್ಟಿದ ವರ್ಷವನ್ನ ಕೆಲವರು 1860 ಅಂತಲೂ ಕೆಲವರು 1861 ಅಂತಲೂ ಬರೀತಾರೆ. ಸೆಪ್ಟೆಂಬರ್ 15 ಅನ್ನೋದರಲ್ಲಿ ತಕರಾರಿಲ್ಲ. ಆ ದಿನವೇ ಈಗ ಇಂಜಿನಿಯರುಗಳ ದಿನ.

ಶುರುವಿನ ಓದು ಚಿಕ್ಕಬಳ್ಳಾಪುರದಲ್ಲಿ. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡ್ರು. ಬೆಂಗಳೂರಿಗೆ ಬಂದು ಮನೆಪಾಠ ಹೇಳ್ಕೊಂಡು ಸೆಂಟ್ರಲ್ ಕಾಲೇಜಲ್ಲಿ ಓದಿ 1881ರಲ್ಲಿ ಬಿಎ ಮುಗಿಸಿದ್ರು. ಮುಂದೆ ಓದೋಕೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ತು. ಪುಣೆಯ ಸೈನ್ಸ್ ಕಾಲೇಜಿಗೆ ಸೇರಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ತಗೊಂಡ್ರು. ಮಾರನೇ ವರ್ಷ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆದ್ರು.

ಸರ್ಕಾರದ ಸ್ಕಾಲರ್‌ಶಿಪ್ ಇಲ್ಲದಿದ್ದರೆ ಮುದ್ದೇನಹಳ್ಳಿಯ ಹುಡುಗನಿಗೆ ಪುಣೆ ಮುಟ್ಟೋದು ಕಷ್ಟವಿತ್ತು. ಮುಂದೆ ಅಧಿಕಾರ ಸಿಕ್ಕಾಗ ಅವರು ಶಾಲೆ, ಕಾಲೇಜು, ಕೈಕೆಲಸ ಕಲಿಸೋ ಸಂಸ್ಥೆಗಳಿಗೆ ಅಷ್ಟು ಒತ್ತು ಕೊಟ್ಟಿದ್ದನ್ನ ಇದರ ಜೊತೆಗಿಟ್ಟು ನೋಡಬೇಕು.

ಮುನಿಸಿಪಾಲಿಟಿಗಳ ಇಂಜಿನಿಯರ್

ಬಾಂಬೆ ಪ್ರಾಂತ್ಯದಲ್ಲಿ ಇಪ್ಪತ್ತೈದು ವರ್ಷದ ಹತ್ತಿರ ಕೆಲಸ ಮಾಡಿದ್ರು. ನಾಸಿಕ್, ಧುಳೆ, ಪುಣೆ, ಸೂರತ್ ಹೀಗೆ ಊರೂರು ಸುತ್ತಾಟ. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ 1890ರ ದಶಕದಲ್ಲಿ ಕುಡಿಯೋ ನೀರಿನ ಕೆಲಸ ಮಾಡಿದ್ದು ಅವರಿಗೆ ದೊಡ್ಡ ಹೆಸರು ತಂತು. ಸಿಂಧೂ ನದಿ ನೀರು ಮಣ್ಣುಮಣ್ಣಾಗಿ ಬರ್ತಿತ್ತು. ನದಿ ಪಾತ್ರದಲ್ಲೇ ಬಾವಿ ತೋಡಿ, ಮರಳಿನಲ್ಲಿ ಸೋಸಿ ಬಂದ ನೀರನ್ನ ಮೇಲೆತ್ತೋ ವ್ಯವಸ್ಥೆ ಮಾಡಿದ್ರು. ಕಮ್ಮಿ ದುಡ್ಡಿನ ಮುನಿಸಿಪಾಲಿಟಿಗೆ ಹೊಂದೋ ಉಪಾಯ ಅದು.

ಪುಣೆ ಕಡೆ ಕಾಲುವೆ ನೀರು ಹಂಚೋದಕ್ಕೆ ಬ್ಲಾಕ್ ಪದ್ಧತಿ ತಂದ್ರು. ನೀರು ಒಂದಷ್ಟು ಜನರ ಪಾಲಾಗದೆ, ಗೊತ್ತು ಮಾಡಿದ ಬ್ಲಾಕುಗಳಿಗೆ ಬೆಳೆ ಬದಲಾಯಿಸ್ಕೊಂಡು ಹಂಚಿಕೆ ಆಗಬೇಕು ಅನ್ನೋದು ಅದರ ಲೆಕ್ಕ. ಖಡಕ್‌ವಾಸ್ಲಾ ಕೆರೆಗೆ ತಾನೇ ತೆರೆದುಕೊಳ್ಳೋ ಗೇಟುಗಳನ್ನ 1903ರಲ್ಲಿ ಹಾಕಿಸಿದ್ರು. 1906ರಲ್ಲಿ ಏಡನ್ ಬಂದರಿಗೂ ಹೋಗಿ ನೀರು, ಚರಂಡಿ ವಿಷಯದಲ್ಲಿ ವರದಿ ಕೊಟ್ಟರು.

ನಡುವೆ 1898ರಲ್ಲಿ ಜಪಾನಿಗೆ ಹೋಗಿ ಬಂದಿದ್ರು. ಕಲ್ಲಿದ್ದಲು, ಕಬ್ಬಿಣ ಜಾಸ್ತಿ ಇಲ್ಲದ ದೇಶ ಶಾಲೆ, ಕಾರ್ಖಾನೆ, ಶಿಸ್ತು ಇಟ್ಕೊಂಡು ಮುಂದೆ ಬಂದಿದ್ದನ್ನ ನೋಡಿ ಬಂದ್ರು. ಮುಂದಿನ ಅವರ ಬರಹಗಳಲ್ಲಿ ಜಪಾನ್ ಮತ್ತೆ ಮತ್ತೆ ಬರುತ್ತೆ.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿ ಸಾವಿರಾರು ಜನ ಸತ್ತರು. ಬಾಂಬೆ ಕೆಲಸ ಬಿಟ್ಟಿದ್ದ ಎಂವಿ ಅವರನ್ನ ನಿಜಾಮ ಸರ್ಕಾರ ಕರೆಸಿಕೊಂಡಿತು. ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಪ್ರವಾಹ ತಡೀಬೇಕು ಅಂತ ಅವರು ಕೊಟ್ಟ ಸಲಹೆಯಿಂದಲೇ ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಬಂದದ್ದು.

ದಿವಾನಗಿರಿಯ ಆರು ವರ್ಷ

1909ರ ನವೆಂಬರ್‌ನಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದ್ರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯ್ತು. ಆ ಕಟ್ಟೆಗೂ ಆಗಿನ ಕೋಲಾರ ಜಿಲ್ಲೆಗೂ ಒಂದು ಸಂಬಂಧ ಇತ್ತು. ಶಿವನಸಮುದ್ರದ ಕರೆಂಟು ಹೋಗ್ತಿದ್ದದ್ದು ಮುಖ್ಯವಾಗಿ ಕೆಜಿಎಫ್ ಚಿನ್ನದ ಗಣಿಗೆ. ಬೇಸಿಗೆಯಲ್ಲೂ ಕಾವೇರಿ ನೀರು ಒಂದೇ ಸಮ ಸಿಕ್ಕರೆ ಮಾತ್ರ ಗಣಿಗೆ ಕರೆಂಟು ನಿಲ್ಲದೆ ಕೊಡಬಹುದಿತ್ತು. ನೀರಾವರಿ ಜೊತೆ ಆ ಲೆಕ್ಕವೂ ಕಟ್ಟೆಯ ಹಿಂದಿತ್ತು.

ಅದೇ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಅನ್ನೋ ಸಂಸ್ಥೆ ಶುರುವಾಯ್ತು. ಹೆಸರು ಕೇಳಿದ್ರೆ ವರ್ಷಕ್ಕೊಂದು ಸಭೆ ಅನ್ನಿಸುತ್ತೆ. ಅದು ಅಷ್ಟಕ್ಕೆ ನಿಲ್ಲಲಿಲ್ಲ. ವ್ಯವಸಾಯ, ಶಿಕ್ಷಣ, ಕೈಗಾರಿಕೆ-ವ್ಯಾಪಾರ ಅಂತ ಮೂರು ಕಮಿಟಿ. ಕೆಳಗೆ ಜಿಲ್ಲೆ, ತಾಲ್ಲೂಕು ಮಟ್ಟದಲ್ಲೂ ಕಮಿಟಿಗಳು. ಅಧಿಕಾರಿಗಳ ಜೊತೆ ಊರಿನ ವ್ಯಾಪಾರಿಗಳು, ರೈತರು, ಓದಿದವರು ಕೂತು ತಮ್ಮ ಸೀಮೆಯಲ್ಲಿ ಏನಿದೆ, ಏನಿಲ್ಲ, ಏನು ಮಾಡಬಹುದು ಅಂತ ಲೆಕ್ಕ ಹಾಕಬೇಕಿತ್ತು. ಐದು ವರ್ಷದ ಯೋಜನೆ ಅನ್ನೋ ಮಾತು ಡೆಲ್ಲಿಯಲ್ಲಿ ಹುಟ್ಟೋಕೆ ಆಗಿನ್ನೂ ನಲವತ್ತು ವರ್ಷ ಇತ್ತು.

1912ರ ನವೆಂಬರ್‌ನಲ್ಲಿ ಎಂವಿ ದಿವಾನರಾದ್ರು. 1913ರಲ್ಲಿ ಮೈಸೂರು ಬ್ಯಾಂಕ್ ಶುರುವಾಯ್ತು. ಹೆಬ್ಬಾಳದ ಕೃಷಿ ಶಾಲೆ, ಕಡ್ಡಾಯ ಶಿಕ್ಷಣದ ಕಾನೂನು ಆ ಹೊತ್ತಿನವೇ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ. ಅದೇ ಹೊತ್ತಿನಲ್ಲಿ ವ್ಯಾಪಾರಿಗಳ ಚೇಂಬರ್, ಸೋಪ್ ಫ್ಯಾಕ್ಟರಿ, ಗಂಧದೆಣ್ಣೆ ಕೆಲಸ. ರೇಷ್ಮೆಗೆ ಇಟಲಿಯಿಂದ ತಜ್ಞರನ್ನ ಕರೆಸಿ ಬಿತ್ತನೆ ಸುಧಾರಿಸೋ ಕೆಲಸ ಮಾಡಿಸಿದ್ರು. ಈಗ ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿಗೆ ಬರೋ ರೈತರು ನಿಂತಿರೋ ದಾರಿಯಲ್ಲಿ ಆ ಕಾಲದ ಒಂದಷ್ಟು ಕಲ್ಲುಗಳೂ ಇವೆ.

ಹಳ್ಳಿಗಳಿಗೆ ಗ್ರಾಮ ಸುಧಾರಣಾ ಯೋಜನೆ ಅಂತ ಒಂದು ತಂದ್ರು. ಕೆರೆ, ಬಾವಿ, ರಸ್ತೆ, ಶಾಲೆ ಕೆಲಸಕ್ಕೆ ಊರವರ ಕಮಿಟಿ. ಸ್ವಲ್ಪ ದುಡ್ಡು, ದುಡಿಮೆ ಊರವರದ್ದು, ಸ್ವಲ್ಪ ಸರ್ಕಾರದ್ದು. 1918ರಲ್ಲಿ ಲೋಕಲ್ ಬೋರ್ಡ್ ಮತ್ತು ಗ್ರಾಮ ಪಂಚಾಯ್ತಿಗಳ ಕಾನೂನು ಬಂದು ಜಿಲ್ಲಾ, ತಾಲ್ಲೂಕು ಬೋರ್ಡ್‌ಗಳಲ್ಲಿ ಚುನಾಯಿತರ ಪಾಲು ಹೆಚ್ಚಾಯ್ತು.

ಸಣ್ಣ ಹಳಿಯ ರೈಲು

ಎಂವಿ ಅವರ ಲೆಕ್ಕದಲ್ಲಿ ಸಾರಿಗೆ ಅನ್ನೋದು ಪೇಟೆಗೆ ಹೋಗಿ ಬರೋ ಅನುಕೂಲಕ್ಕಿಂತ ದೊಡ್ಡದು. ಬೆಳೆದಿದ್ದು ಮಾರೋಕೆ, ಕಾರ್ಖಾನೆಗೆ ಸಾಮಾನು ಬರೋಕೆ, ಬರಗಾಲದಲ್ಲಿ ಧಾನ್ಯ ಮುಟ್ಟೋಕೆ ರೈಲು ಬೇಕು. ಆಗ ಸಂಸ್ಥಾನದ ಮುಖ್ಯ ರೈಲು ಮಾರ್ಗಗಳನ್ನ ನಡೆಸ್ತಿದ್ದದ್ದು ಹೊರಗಿನ ಕಂಪನಿ. ಹೊಸ ಮಾರ್ಗಗಳನ್ನ ಸಂಸ್ಥಾನವೇ ಕಟ್ಟಬೇಕು ಅಂತ ಅವರು ಹಟ ಹಿಡಿದ್ರು. ಮೈಸೂರಿನಿಂದ ಹಾಸನ ಮೇಲೆ ಅರಸೀಕೆರೆಗೆ ಹೋಗೋ ಮಾರ್ಗ ಅವರ ದಿವಾನಗಿರಿಯಲ್ಲೇ ಕಟ್ಟಿದ್ದು. ಭಟ್ಕಳದಲ್ಲಿ ಬಂದರು ಮಾಡಿ ಅಲ್ಲಿಗೆ ರೈಲು ಒಯ್ಯಬೇಕು ಅನ್ನೋ ಆಸೆ ಮಾತ್ರ ಈಡೇರಲಿಲ್ಲ.

ಈ ಸೀಮೆಯಲ್ಲಿ ಗೌರಿಬಿದನೂರು ಕಡೆಗೆ ರೈಲು ಬಂದು ಆಗಲೇ ಇಪ್ಪತ್ತು ವರ್ಷ ಆಗಿತ್ತು. ಬೆಂಗಳೂರು–ಹಿಂದೂಪುರ ಮಾರ್ಗ 1890ರ ದಶಕದ್ದು. ತೊಂಡೇಬಾವಿ ಅದೇ ಮಾರ್ಗದಲ್ಲಿದೆ. ಆದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಕ್ಕೆ ಎತ್ತಿನ ಗಾಡಿಯೇ ಗತಿ.

1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಸಣ್ಣ ಹಳಿ ಬಂತು. ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್. ಮುಂದೆ ಅದು ಚಿಂತಾಮಣಿ, ಶಿಡ್ಲಘಟ್ಟ ದಾಟಿ ಬಂತು. ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ ಅಂತಲೇ ಹೆಸರು. ಇನ್ನೊಂದು ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅನ್ನೋ ಹೆಸರಲ್ಲಿ ಯಶವಂತಪುರ, ಯಲಹಂಕ, ದೇವನಹಳ್ಳಿ ಮೇಲೆ ಇನ್ನೊಂದು ಸಣ್ಣ ಹಳಿ 1915ರಿಂದ ಓಡಾಡೋಕೆ ಶುರುವಾಯ್ತು. ಹೀಗೆ ಒಂದೇ ದಶಕದಲ್ಲಿ ಜಿಲ್ಲೆಯ ಪೂರ್ವದ ಪೇಟೆಗಳೆಲ್ಲ ಒಂದು ದಾರದಲ್ಲಿ ಪೋಣಿಸಿದ ಹಾಗೆ ಆದ್ವು.

ಸಣ್ಣ ಹಳಿ ಯಾಕೆ ಅಂದ್ರೆ ಖರ್ಚು ಕಮ್ಮಿ. ದೊಡ್ಡ ಹಳಿಗೆ ದುಡ್ಡು ಬರೋವರೆಗೆ ಕಾಯೋದಕ್ಕಿಂತ ಕೈಲಾದ ರೈಲು ಈಗಲೇ ಬರಲಿ ಅನ್ನೋ ಲೆಕ್ಕ. ಅದರ ಬೆಲೆಯನ್ನ ಮುಂದಿನವರು ಕೊಟ್ಟರು. ಬೇರೆ ಗೇಜಿನ ಗಾಡಿ ಅದರ ಮೇಲೆ ಓಡಲ್ಲ, ಸಾಮಾನು ಇಳಿಸಿ ಹತ್ತಿಸಬೇಕು. ಬಸ್ಸು, ಲಾರಿ ಬಂದ ಮೇಲೆ ನಿಧಾನದ ರೈಲಿಗೆ ಜನ ಕಮ್ಮಿಯಾದ್ರು. ಕೋಲಾರ–ಚಿಕ್ಕಬಳ್ಳಾಪುರ ನಡುವೆ ದೊಡ್ಡ ಹಳಿ ಕೆಲಸ ಮುಗಿದು ರೈಲು ಓಡಿದ್ದು 2013ರಲ್ಲಿ. ಮೊದಲ ಸಣ್ಣ ರೈಲು ಕೋಲಾರಕ್ಕೆ ಬಂದು ಸರಿಯಾಗಿ ನೂರು ವರ್ಷಕ್ಕೆ.

ಆಗಲೂ ಪಶ್ಚಿಮದ ಗೌರಿಬಿದನೂರು ಮಾರ್ಗ ಬೇರೆಯೇ ಉಳೀತು. ಎರಡೂ ಸೇರೋದು ಯಲಹಂಕದಲ್ಲಿ. ಜಿಲ್ಲೆಯೊಳಗೆ ಒಂದೂ ಕಡೆ ಸೇರಲ್ಲ.

ರಾಜೀನಾಮೆ ಮತ್ತು ಒಂದು ಸರಿಹೋಗದ ವಿಷಯ

ಎಂವಿ ಅವರ ಬಗ್ಗೆ ಬರೆಯುವಾಗ ಬಿಟ್ಟುಬಿಡೋ ವಿಷಯ ಒಂದಿದೆ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಅಂತ ಸಂಸ್ಥಾನದಲ್ಲಿ ಚಳವಳಿ ಎದ್ದಿತ್ತು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಎಲ್ಲ ಅದರಲ್ಲಿದ್ರು. ಮಹಾರಾಜರು ಅದಕ್ಕೆ ಒಪ್ಪಿದ್ರು. 1918ರಲ್ಲಿ ಲೆಸ್ಲಿ ಮಿಲ್ಲರ್ ಕಮಿಟಿ ನೇಮಕ ಆಯ್ತು. ಎಂವಿ ಇದನ್ನ ಒಪ್ಪಲಿಲ್ಲ. ಅರ್ಹತೆ ನೋಡಿಯೇ ಕೆಲಸ ಕೊಡಬೇಕು, ಹಿಂದುಳಿದವರಿಗೆ ಓದಿಗೆ ಸಹಾಯ ಮಾಡಿ ಮೇಲೆ ತರಬೇಕು ಅನ್ನೋದು ಅವರ ವಾದ. 1918ರ ಕೊನೆಗೆ ದಿವಾನಗಿರಿ ಬಿಟ್ಟರು.

ಮಿಲ್ಲರ್ ಕಮಿಟಿ ಶಿಫಾರಸಿನಿಂದ ಮುಂದೆ ಸಾವಿರಾರು ಮನೆಗಳಿಗೆ ಮೊದಲ ಸರ್ಕಾರಿ ಕೆಲಸ ಸಿಕ್ತು. ಮಹಾರಾಜರ ನಿರ್ಧಾರ ಸರಿ ಅಂತ ಕಾಲ ತೋರಿಸ್ತು. ಶಾಲೆ ಕಟ್ಟಿದ ಮನುಷ್ಯನೇ ಇದರಲ್ಲಿ ಹಿಂದೆ ಬಿದ್ದರು ಅನ್ನೋದನ್ನೂ ಅವರ ಜೀವನದ ಲೆಕ್ಕದಲ್ಲಿ ಇಡಬೇಕು. ಹಳಿ, ಕಟ್ಟೆ, ಕಾರ್ಖಾನೆ ಪ್ಲಾನ್ ಮಾಡೋರು ಯಾರು, ಆ ಕುರ್ಚಿಯಲ್ಲಿ ಯಾರ ಮನೆ ಮಕ್ಕಳು ಕೂರ್ತಾರೆ ಅನ್ನೋದು ಪ್ಲಾನಿನಷ್ಟೇ ದೊಡ್ಡ ವಿಷಯ.

ಜಿಲ್ಲೆಗೊಂದು ಯೋಜನೆ

ಅಧಿಕಾರ ಬಿಟ್ಟಾಗ ವಯಸ್ಸು ಅರವತ್ತರ ಹತ್ತಿರ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿಗೆ ಮುಗೀತಿತ್ತು. ಎಂವಿ ಮತ್ತೆ ದೇಶ ಸುತ್ತಿದ್ರು. 1920ರಲ್ಲಿ ಭಾರತವನ್ನ ಹೊಸದಾಗಿ ಕಟ್ಟೋದರ ಬಗ್ಗೆ ಇಂಗ್ಲಿಷಲ್ಲಿ ಪುಸ್ತಕ ಬರೆದ್ರು. 1923ರಿಂದ 1929ರವರೆಗೆ ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆ ಹೊಣೆ ಹೊತ್ತು ನಿಲ್ಲಿಸಿದ್ರು. ಅಲ್ಲಿ ಅವರಿಗೆ ಬರಬೇಕಿದ್ದ ಹಣ ಮುಂದೆ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ಗೆ ಹೋಯ್ತು.

1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅನ್ನೋ ಪುಸ್ತಕ ಬಂತು. ಹತ್ತು ವರ್ಷದಲ್ಲಿ ದೇಶದ ಆದಾಯ ಎರಡು ಪಟ್ಟು ಆಗಬೇಕು, ಭೂಮಿಯನ್ನೇ ನಂಬಿರೋ ಜನರಲ್ಲಿ ಒಂದು ಭಾಗ ಕೈಗಾರಿಕೆಗೆ ಬರಬೇಕು ಅನ್ನೋದು ಅದರ ತಿರುಳು. 1941ರಲ್ಲಿ ತಯಾರಕರ ಅಖಿಲ ಭಾರತ ಸಂಘ ಕಟ್ಟಿದ್ರು. ಕಾರು ಕಾರ್ಖಾನೆ ದೇಶದಲ್ಲೇ ಆಗಬೇಕು ಅಂತ 1930ರ ದಶಕದಿಂದಲೇ ಓಡಾಡಿದ್ರು.

ಇದರ ನಡುವೆ ಬಂದಿದ್ದು ಅವರ ಜಿಲ್ಲಾ ಅಭಿವೃದ್ಧಿ ಯೋಜನೆ. ಡೆಲ್ಲಿಯಿಂದ, ಬೆಂಗಳೂರಿಂದ ಕೆಳಗೆ ಇಳಿಯೋ ಯೋಜನೆ ಸಾಲದು, ಒಂದೊಂದು ಜಿಲ್ಲೆಯೂ ತನ್ನ ಲೆಕ್ಕ ತಾನೇ ಮಾಡಿ ತನ್ನ ಗುರಿ ತಾನೇ ಇಟ್ಕೋಬೇಕು ಅನ್ನೋದು ಅದರಲ್ಲಿನ ವಿಚಾರ. ತೊಂಬತ್ತರ ಹತ್ತಿರ ಬಂದಾಗ ಅದನ್ನ ಇನ್ನೂ ಕೆಳಗಿಳಿಸಿ ಗ್ರಾಮೀಣ ಕೈಗಾರಿಕೀಕರಣ ಯೋಜನೆ ಮಾಡಿದ್ರು. ಅಕ್ಕಪಕ್ಕದ ಹಳ್ಳಿಗಳನ್ನ ಒಂದು ಗುಂಪು ಮಾಡಬೇಕು. ಗುಂಪಿಗೆ ಒಂದು ಕಮಿಟಿ. ವರ್ಷಕ್ಕೊಮ್ಮೆ ಆ ಹಳ್ಳಿಗಳಲ್ಲಿ ಏನು ಬೆಳೆದ್ರು, ಏನು ತಯಾರು ಮಾಡಿದ್ರು, ಎಷ್ಟು ದುಡಿದ್ರು ಅಂತ ಲೆಕ್ಕ. ಆಮೇಲೆ ಯಾವ ಸಣ್ಣ ಕೈಗಾರಿಕೆ ಹಾಕಬಹುದು ಅನ್ನೋ ತೀರ್ಮಾನ. 1950ರ ಆಸುಪಾಸಿನಲ್ಲಿ ಮೈಸೂರು ಸರ್ಕಾರ ಇದನ್ನ ಮೊದಲು ಪ್ರಯೋಗ ಮಾಡಿದ್ದು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ. ಅಲೀಪುರ, ಗೌರಿಬಿದನೂರು ಎಲ್ಲ ಆಗ ಕೋಲಾರ ಜಿಲ್ಲೆಯೇ.

1952ರ ಹೊತ್ತಿಗೆ ತೊಂಬತ್ತು ದಾಟಿದ್ದರೂ ಬಿಹಾರದಲ್ಲಿ ಗಂಗಾ ನದಿಗೆ ರೈಲು-ರಸ್ತೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ನೋಡೋಕೆ ಅವರನ್ನೇ ಕರೆದ್ರು. ಮೊಕಾಮಾ ಹತ್ತಿರದ ಆ ಸೇತುವೆ 1959ರಲ್ಲಿ ಶುರುವಾಯ್ತು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ತೀರಿಕೊಂಡ್ರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ, ಹುಟ್ಟಿದ ಮನೆ ಮ್ಯೂಸಿಯಂ ಆಗಿದೆ.

ಉಳಿದ ಲೆಕ್ಕ

ಕಾವೇರಿಗೆ ಕಟ್ಟೆ ಕಟ್ಟಿಸಿ ಮಂಡ್ಯಕ್ಕೆ ನೀರು ಕೊಟ್ಟವರ ಸ್ವಂತ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ. ನಂದಿ ಬೆಟ್ಟದ ಸಾಲಲ್ಲಿ ಹುಟ್ಟೋ ಉತ್ತರ ಪಿನಾಕಿನಿ, ಪಾಲಾರ್ ಎಲ್ಲ ಹೊರಗೆ ಹರಿದುಹೋಗೋವು, ಅದೂ ಮಳೆ ಬಂದ್ರೆ. ಕೆರೆ, ಬೋರ್‌ವೆಲ್, ಈಗೀಗ ಬೆಂಗಳೂರಿನ ಸಂಸ್ಕರಿಸಿದ ನೀರು, ಇಷ್ಟರಲ್ಲೇ ಬದುಕು. ನೀರು ಕಮ್ಮಿ ಇರೋ ಸೀಮೆಗೆ ದುಡಿಮೆ ದಾರಿ ಬೇರೆ ಬೇಕು ಅನ್ನೋದನ್ನ ಅಲೀಪುರದವರು ಯಾರ ಯೋಜನೆಗೂ ಕಾಯದೆ ಮಾಡಿ ತೋರಿಸಿದ್ದಾರೆ. ಹರಳು ಕತ್ತರಿಸಿ, ಪಾಲಿಶ್ ಮಾಡಿ, ದೂರದ ಊರುಗಳಿಗೆ ಒಯ್ದು ಮಾರೋ ಕಸುಬು ಈ ಊರಿನ ಗುರುತು. ಹಳ್ಳಿಯಲ್ಲಿ ಕೈಗಾರಿಕೆ ಅಂತ ಎಂವಿ ಬರೆದದ್ದು ಇಂಥದ್ದನ್ನೇ.

ಮಾಲು ಜೇಬಲ್ಲಿ ಹೋಗುತ್ತೆ, ಅದಕ್ಕೆ ವ್ಯಾಗನ್ ಬೇಡ. ಆದರೆ ಕಾಲೇಜಿಗೆ ಹೋಗೋ ಹುಡುಗಿಗೆ, ಡಯಾಲಿಸಿಸ್‌ಗೆ ಹೋಗೋ ಅಜ್ಜನಿಗೆ, ಪಿಂಚಣಿ ಕಾಗದಕ್ಕೆ ಜಿಲ್ಲಾ ಕೇಂದ್ರಕ್ಕೆ ಅಲೆಯೋ ಅಮ್ಮನಿಗೆ ಗಾಡಿ ಬೇಕು. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆ ಆದಾಗ ಕಚೇರಿಗಳು ಕೋಲಾರದಿಂದ ಹತ್ತಿರ ಬಂದ್ವು. ದಾರಿ ಅದೇ ಉಳೀತು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಇಲ್ಲ, ಆದರೆ ಬಸ್ಸೇ ಬರದ ಹೊತ್ತಲ್ಲಿ ಫ್ರೀ ಟಿಕೆಟ್ ಏನು ಮಾಡುತ್ತೆ. ಚಿಕ್ಕಬಳ್ಳಾಪುರ–ಗೌರಿಬಿದನೂರು ಹೊಸ ರೈಲು ಮಾರ್ಗದ ಮಾತು ವರ್ಷಗಳಿಂದ ಕೇಳಿಬರ್ತಿದೆ, ರೈಲು ಬಂದಿಲ್ಲ.

ಈಗ ಸಂವಿಧಾನದಲ್ಲೇ ಜಿಲ್ಲಾ ಯೋಜನಾ ಸಮಿತಿ ಇದೆ. ಗ್ರಾಮ ಪಂಚಾಯ್ತಿ ಪ್ರತಿ ವರ್ಷ ಅಭಿವೃದ್ಧಿ ಯೋಜನೆ ಮಾಡಿ ಗ್ರಾಮಸಭೆಯಲ್ಲಿ ಇಡಬೇಕು. ಎಂವಿ ಕಾಲದಲ್ಲಿ ದಿವಾನರು ಹೇಳಿದ್ರೆ ಮಾತ್ರ ಕೂರ್ತಿದ್ದ ಕಮಿಟಿಗಳು ಈಗ ಕಾನೂನಿನ ಹಕ್ಕು. ಆದರೆ ಗ್ರಾಮಸಭೆಯಲ್ಲಿ ಚರಂಡಿ, ಲೈಟು, ಮನೆ ಪಟ್ಟಿ ಮುಗಿಯೋ ಹೊತ್ತಿಗೆ ಜನ ಎದ್ದು ಹೋಗಿರ್ತಾರೆ. ಬಸ್ಸಿನ ವಿಷಯ ಬಂದ್ರೂ ಅದು ಒಂದು ಮನವಿ ಪತ್ರವಾಗಿ ಡಿಪೋಗೆ ಹೋಗಿ ಅಲ್ಲೇ ನಿಲ್ಲುತ್ತೆ.

ಎಂವಿ ಯಾವ ಕೆಲಸ ಶುರುಮಾಡಿದ್ರೂ ಮೊದಲು ಎಣಿಸ್ತಿದ್ರು. ಊರಿನ ಜನ ಎಷ್ಟು, ನೀರು ಎಷ್ಟು, ಖರ್ಚು ಎಷ್ಟು, ವಾಪಸ್ ಬರೋದು ಎಷ್ಟು. ಅದೇ ಕ್ರಮದಲ್ಲಿ ಅಲೀಪುರ, ತೊಂಡೇಬಾವಿ, ಮಂಚೇನಹಳ್ಳಿ ಸುತ್ತಿನ ಪಂಚಾಯ್ತಿಗಳು ಒಟ್ಟಿಗೆ ಕೂತು ಒಂದು ವಾರ ಎಣಿಸಿದ್ರೂ ಸಾಕು. ಬೆಳಿಗ್ಗೆ ಎಷ್ಟು ಜನ ಯಾವ ಊರಿಗೆ ಹೋಗ್ತಾರೆ, ಎಷ್ಟು ಹೊತ್ತು ಕಾಯ್ತಾರೆ, ಆಟೋಗೆ ಎಷ್ಟು ಕೊಡ್ತಾರೆ, ಸಂಜೆ ಕೊನೇ ಬಸ್ಸು ತಪ್ಪಿದವರು ಏನು ಮಾಡ್ತಾರೆ. ಆ ಪಟ್ಟಿ ಹಿಡ್ಕೊಂಡು ಜಿಲ್ಲಾ ಯೋಜನಾ ಸಮಿತಿಗೂ ಸಾರಿಗೆ ವಿಭಾಗಕ್ಕೂ ಹೋದ್ರೆ ಇಲ್ಲ ಅನ್ನೋಕೂ ಅವರು ಅಂಕಿ ಇಟ್ಟೇ ಮಾತಾಡಬೇಕಾಗುತ್ತೆ. ರೈಲು ಡೆಲ್ಲಿಯ ಕೈಯಲ್ಲಿದೆ. ಎರಡು ಬಸ್ಸು ಹೆಚ್ಚಿಗೆ ಬಿಡೋದು, ತೊಂಡೇಬಾವಿಗೆ ರೈಲು ಬರೋ ಹೊತ್ತಿಗೆ ಬಸ್ಸು ಹೊಂದಿಸೋದು ಜಿಲ್ಲೆಯಲ್ಲೇ ಆಗೋ ಕೆಲಸ.